ಅರ್ಧ ಸೆಕೆಂಡು

ಮಾರ್ಚ್ ೧೪, ಗುರುವಾರ

ಪಿ.ಟಿ. ಮೇಷ್ಟ್ರು ಸ್ಟಾಪ್‌ವಾಚನ್ನು ಇವತ್ತು ಮತ್ತೆ ನನ್ನ ಕೈಗೇ ಕೊಟ್ಟರು. ನೂರು ಮೀಟರನ್ನು ಹನ್ನೆರಡು ಸೆಕೆಂಡಿನೊಳಗೆ ಓಡಿದವರ ಹೆಸರು ಶಾಲೆಯ ಕ್ರೀಡಾ ಸಂಘದಿಂದ ನೇರವಾಗಿ ಸೈನ್ಯಕ್ಕೆ ಹೋಗುತ್ತದೆ. ಹೋದ ವರ್ಷ ಅದು ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ಪದಕ ಸಿಗಲೆಂದು ಗುಂಡಿಯನ್ನು ಅರ್ಧ ಸೆಕೆಂಡು ಮೊದಲೇ ಒತ್ತಿದ್ದೆ. ಪದಕ ಗೋಡೆಯ ಮೇಲಿದೆ. ಅಣ್ಣ ಯುದ್ಧದಿಂದ ಬರಲಿಲ್ಲ.

ಇವತ್ತು ಎಲ್ಲರಿಗೂ ತಡವಾಗಿ ಒತ್ತಿದೆ.

"ಏನ್ರೋ, ಎಮ್ಮೆಗಳ ಥರ ಓಡ್ತೀರಲ್ಲೋ!" ಎಂದು ಮೇಷ್ಟ್ರು ಕೂಗಾಡಿದರು.

ಅಣ್ಣನ ಜತೆ ಓಡುತ್ತಿದ್ದ ಹುಡುಗ ನನ್ನ ಹತ್ತಿರ ಬಂದು ಅಳುಮೋರೆಯಲ್ಲಿ ಕೇಳಿದ: "ನಾನೂ ನಿನ್ನಣ್ಣನಷ್ಟೇ ಜೋರಾಗಿ ಓಡಿದೆ ಕಣೇ. ನಿನ್ನ ವಾಚು ಅವನಿಗೊಂದು, ನನಗೊಂದಾ?"

ನಾನು ವಾಚನ್ನು ಸೊನ್ನೆಗೆ ತಂದೆ. ಜನ್ಮವಿಡೀ ಬೈದುಕೊಳ್ಳಲಿ. ಬೈಯುವುದಕ್ಕಾದರೂ ಇವನು ಬದುಕಿರಲಿ. ಅಣ್ಣನೂ ಅವತ್ತು ಸೋತು ಬಂದು ನನ್ನನ್ನು ಹೀಗೆ ಬೈದಿದ್ದರೆ, ಇವತ್ತು ಮನೆಯಲ್ಲಿರುತ್ತಿದ್ದ.