ಗೆರೆ ಬಿಡದ ಕಾಲು

ಭಾವ,

ನಿಮ್ಮ ಪುಸ್ತಕ ತಲುಪಿತು. ಮುಖಪುಟದಲ್ಲಿ ಹಿಮದ ಕನ್ನಡಕ ಹಣೆಗೇರಿಸಿಕೊಂಡು ನಗುತ್ತಿದ್ದೀರಿ. ಹಿಂದೆ ನಿಮ್ಮ ಬಿರುದುಗಳು: ಕ್ರಿಕೆಟಿಗ, ಯೋಧ, ಲೇಖಕ, ಸಾಹಸಿ. ಓದಿ ಮುಗಿಸಿ ಕೈ ತೊಳೆದುಕೊಂಡೆ. ಕೈಗೆ ಏನೂ ಅಂಟಿರಲಿಲ್ಲ.

ಬಿಡುಗಡೆಯ ಸಭೆಯಲ್ಲಿ ನಾನೂ ಮಾತಾಡಬೇಕು ಅಂದಿದ್ದೀರಿ. ಮರುದಿನವೇ ಮಗಳನ್ನು ನಿಮ್ಮ ಹಗ್ಗಕ್ಕೆ ಕಟ್ಟಿಕೊಂಡು ಹೊಸ ಶಿಖರಕ್ಕೆ ಹೊರಡುತ್ತೀರಂತೆ. ಎರಡಕ್ಕೂ ಸೇರಿಸಿ ಈ ಉತ್ತರ.

ಆಗ ನೀವಿನ್ನೂ ಭಾವನಾಗಿರಲಿಲ್ಲ, ನಮ್ಮಣ್ಣನ ಗೆಳೆಯ. ಇಬ್ಬರೂ ಜೊತೆಯಾಗಿ ಬ್ಯಾಟಿಂಗಿಗೆ ಇಳಿಯುತ್ತಿದ್ದಿರಿ. ಚೆಂಡು ತಳ್ಳಿ "ಬಾ" ಎಂದು ಕೂಗುತ್ತಿದ್ದಿರಿ. ಅಣ್ಣ ಅರ್ಧ ಪಿಚ್ ಬಂದಿರುತ್ತಿದ್ದ. ನಿಮ್ಮ ಕಾಲು ಮಾತ್ರ ಗೆರೆಯೊಳಗೆ ಬೇರು ಬಿಟ್ಟಿರುತ್ತಿತ್ತು. ಅವನು ರನೌಟಾಗಿ ಬಂದು ಪ್ಯಾಡು ಬಿಚ್ಚುತ್ತಾ, "ಅವನು ಬಾಯಲ್ಲೇ ಓಡ್ತಾನೆ ಕಣೋ" ಎಂದು ನಗುತ್ತಿದ್ದ. ಮತ್ತೆ ನಿಮ್ಮ ಜೊತೆಯೇ ಇಳಿಯುತ್ತಿದ್ದ.

ಸೈನ್ಯಕ್ಕೂ ಜೊತೆಗೇ ಸೇರಿದಿರಿ. ಗಡಿಯ ಆ ಬಯಲಿನಲ್ಲಿ ನೀವೊಂದು ಬಂಡೆಯ ಮರೆಯಲ್ಲಿ, ಅವನು ಇನ್ನೊಂದರ ಮರೆಯಲ್ಲಿ. ಇಬ್ಬರೂ ಒಟ್ಟಿಗೆ ಎದ್ದು ನಡುವಿನ ಕಂದಕಕ್ಕೆ ಓಡಬೇಕಿತ್ತು. ಸೈನಿಕ ಆಸ್ಪತ್ರೆಯಲ್ಲಿ, ಅಣ್ಣನ ಹೆಣ ಒಯ್ಯಲು ಬಂದಿದ್ದ ನನ್ನ ಕೈ ಹಿಡಿದು ನೀವೇ ಹೇಳಿದಿರಿ: "ಬಾ ಅಂದೆ ಕಣೋ. ಬಂದ್ಬಿಟ್ಟ. ನಂಗೆ ಏಳೋಕಾಗ್ಲಿಲ್ಲ." ಆ ದಿನ ನನಗೆ ಅಸಹ್ಯವಾಗಲಿಲ್ಲ. ಹೆದರಿಕೆ ಯಾರಿಗಿಲ್ಲ? ನೀವು ಅತ್ತಿರಿ, ನಾನೂ ಅತ್ತೆ. ಆ ಮಾತು ನಮ್ಮಿಬ್ಬರಲ್ಲೇ ಉಳಿಯಿತು.

ಪುಸ್ತಕದಲ್ಲಿ ಅದೇ ಬಯಲು, ಅದೇ ಬಂಡೆ. "ಬೇಡವೆಂದು ಗಂಟಲು ಹರಿಯುವಂತೆ ಕೂಗಿದರೂ ಗೆಳೆಯ ನುಗ್ಗಿದ" ಎಂದು ಬರೆದಿದ್ದೀರಿ. ಅಕ್ಕ ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಕನ್ನಡಕ ಒರೆಸುತ್ತಾ, "ಮೊದಲಿಂದ್ಲೂ ಆತುರಗೇಡಿ ಅವ್ನು. ಯಾರ ಮಾತು ಕೇಳ್ತಿದ್ದ?" ಅಂದಳು. ಸತ್ತ ಮಗನನ್ನು ಅವಳು ಬೈದದ್ದು ಅದೇ ಮೊದಲು. ಅಸಹ್ಯವಾದದ್ದು ಆಗ. ನಿಮ್ಮ ಹೆದರಿಕೆಯ ತಪ್ಪನ್ನು ಅವನ ಹೆಣಕ್ಕೆ ತೊಡಿಸಿ, ಅದರ ಫೋಟೋ ತೆಗೆಸಿಕೊಂಡಿದ್ದೀರಿ.

ಅಮ್ಮನ ಪಕ್ಕದಲ್ಲಿ ಕೂತು ಆಸ್ಪತ್ರೆಯ ಮಾತನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಪುಸ್ತಕ ಮುಚ್ಚಿದಳು. ಅಮ್ಮ ಕನ್ನಡಕ ತೆಗೆದಿಟ್ಟು, "ಹಾಗಾದ್ರೆ ಕರೆದಿದ್ದಕ್ಕೆ ಬಂದ" ಅಂದಳು.

ಸಭೆಗೆ ನಾನು ಬರುವುದಿಲ್ಲ. ನಿಮ್ಮ ಮಗಳನ್ನೂ ತಡೆಯಲು ಹೋಗಿದ್ದೆ. ಅವಳು ಬೂಟಿನ ಲೇಸು ಬಿಗಿಯುತ್ತಾ ತಲೆ ಎತ್ತದೆ ಹೇಳಿದಳು: "ಗೊತ್ತು ಮಾವ. ಅಪ್ಪ ಬಾ ಅಂದ್ರೆ ನಾನು ಮೊದ್ಲು ಅವ್ರ ಕಾಲು ನೋಡ್ತೀನಿ."

ನೂರು ಕಾಲ ಬಾಳಿ ಭಾವ. ಅದರಲ್ಲಿ ಅವನ ಪಾಲೂ ಇದೆ.

ಅವನ ತಮ್ಮ