ಫುಕೆಟ್‌ನಲ್ಲಿ ನಾನು ಸೋದರಮಾವನ ಮಗ

ಸಿಂಧನೂರು
19 ಜನವರಿ 2025

ಅನು ಮಗಳೇ, ಜೈ ಭೀಮ್.

ಫುಕೆಟ್‌ನಿಂದ ಬಂದು ವಾರವಾಯಿತು, ನಿನಗೆ ಒಂದು ಮಾತೂ ತಿಳಿಸಲಿಲ್ಲ. ಸಿಟ್ಟಾಗಬೇಡ. ಬರೆಯಲು ಕೂತರೆ ಮಕ್ಕಳ ಪೇಪರು ತಿದ್ದಿದಂತಾಗುತ್ತದೆ. ಅದಕ್ಕೇ ಮೊಬೈಲ್ ಎದುರಿಗಿಟ್ಟುಕೊಂಡು ಮಾತಾಡುತ್ತಿದ್ದೇನೆ, ಅದೇ ಅಕ್ಷರ ಮಾಡಿಕೊಳ್ಳುತ್ತದೆ. ಧಾರವಾಡದ ಹಾಸ್ಟೆಲಿನಲ್ಲಿ ಚಳಿ ಹೇಗಿದೆ? ನಿಮ್ಮವ್ವ ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿತೇ?

ಟೂರಿನ ಕಥೆ ಕೇಳಿದ್ದೆಯಲ್ಲ. ಬೀಜದ ಕಂಪನಿಯವರು ಬಸವಲಿಂಗನ ಅಂಗಡಿಗೆ ಎರಡು ಸೀಟು ಕೊಟ್ಟಿದ್ದರು. ಅವನ ಹೆಂಡತಿ ವಿಮಾನಕ್ಕೆ ಹೆದರಿ ಒಲ್ಲೆ ಎಂದಳಂತೆ. ಇಂಗ್ಲಿಷ್ ಮಾತಾಡಲು ಒಬ್ಬರು ಬೇಕು ಬಾ ಎಂದು ನನ್ನನ್ನು ಕರೆದ. ಹೈಸ್ಕೂಲಿನ ಗೆಳೆಯ, ನಿಮ್ಮಜ್ಜಿ ಯಮನಮ್ಮ ಬಡಿದ ರೊಟ್ಟಿಯನ್ನು ತನ್ನ ಮನೆಗೆ ಗೊತ್ತಾಗದಂತೆ ತಿಂದು ಬೆಳೆದವನು. ಹೋದೆ.

ಕಡೆಯ ದಿನ ಮಧ್ಯಾಹ್ನ ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ಊಟ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಪರದೆ ಎಳೆದು ಮೇಣದಬತ್ತಿ ಹಚ್ಚಿದ್ದರು. ನಮ್ಮೂರಲ್ಲಿ ಕರೆಂಟು ಹೋದರೆ ಲೈನ್‌ಮನ್‌ಗೆ ಬೈಯುವ ಮಂದಿ ಅಲ್ಲಿ ಸೂಪರ್, ಸೂಪರ್ ಎಂದು ಫೋಟೋ ತೆಗೆದರು. ಮೊರದಷ್ಟು ತಟ್ಟೆ, ನಡುವೆ ಒಂದು ತುತ್ತು ಅನ್ನ, ಅದೂ ಅಂಟು. ನಮ್ಮ ಕಡೆ ಹಳ್ಳಿಯಲ್ಲಿ ಸೊಸೆ ಅಂಥ ಅನ್ನ ಮಾಡಿದ್ದರೆ ತವರಿಗೆ ಫೋನು ಹೋಗುತ್ತಿತ್ತು. ಮೇಲೊಂದು ಹೂವು ಬೇರೆ. ಮಸ್ಕಿಯ ಅಂಗಡಿಯವರೊಬ್ಬರು ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿ ಕಿವಿಗೆ ಸಿಕ್ಕಿಸಿಕೊಂಡರು. ಪಾಪ, ಅಲ್ಲಿದ್ದವರಲ್ಲಿ ಆ ಹೋಟೆಲಿಗೆ ಮರ್ಯಾದೆ ಕೊಟ್ಟವರು ಅವರೊಬ್ಬರೇ.

ನಮ್ಮ ಟೇಬಲಿನಲ್ಲಿ ಬಸವಲಿಂಗ, ನಾನು, ಲಿಂಗಸುಗೂರಿನ ಬೀಜದಂಗಡಿಯ ಸಿದ್ದಲಿಂಗೇಶ. ನಡುವೆ ಒಲೆ, ಅದರ ಮೇಲೆ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಹಸಿ ಸೊಪ್ಪು, ಅಣಬೆ ತಂದಿಟ್ಟು ನೀವೇ ಬೇಯಿಸಿಕೊಳ್ಳಿ ಎಂದರು. ಅಷ್ಟು ದೊಡ್ಡ ಹೋಟೆಲು, ಅಡುಗೆ ಮಾತ್ರ ಗಿರಾಕಿಯ ಪಾಲಿಗೆ. ಚಮಚದ ಬದಲು ಎರಡೆರಡು ಕಡ್ಡಿ ಕೊಟ್ಟಿದ್ದರು, ಮೂವರೂ ಅದೇ ಪಾತ್ರೆಗೆ ಕಡ್ಡಿ ಹಾಕಿ ತಿನ್ನಬೇಕು. ಪಕ್ಕದ ಟೇಬಲಿನಿಂದ ಏಡಿಯ ಘಮ ಬರುತ್ತಿತ್ತು. ಮಾಂಸ ಮುಟ್ಟದ ಗೆಳೆಯನ ಸಲುವಾಗಿ ನಾನು ಸೊಪ್ಪು ಅಗಿದೆ.

ಸಿದ್ದಲಿಂಗೇಶ ತಿನ್ನುವುದಕ್ಕೂ ಮೊದಲು ನಾನು ಯಾರ ಪೈಕಿ ಎಂದು ಕೇಳಿದ. ಸಮುದ್ರ ದಾಟಿ ಬಂದರೂ ಇವರಿಗೆ ಮೊದಲು ಬೇಕಾದದ್ದು ಅದೇ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸವಲಿಂಗ ಹೇಳಿಬಿಟ್ಟ: "ನಮ್ಮ ಸೋದರಮಾವನ ಮಗ ಅದಾನ್ರಿ, ಪಾಮನಕಲ್ಲೂರಾಂವ."

ಕಾಲಲ್ಲಿ ನನ್ನ ಕಾಲು ಒತ್ತಿದ. ನಗು ಬಂತು, ಸುಮ್ಮನಾದೆ. ಕುಂತಲ್ಲೇ ಲಿಂಗಾಯತನಾದೆ ನೋಡು. ಸಿದ್ದಲಿಂಗೇಶ ತನ್ನ ಕಡ್ಡಿಯಿಂದಲೇ ನನ್ನ ಬಟ್ಟಲಿಗೆ ಅಣಬೆ ಹಾಕಿ, ಸರ್, ಸರ್ ಎಂದು ಉಪಚಾರ ಮಾಡಿದ. ಅಣಬೆಗೆ ಉಪ್ಪಿರಲಿಲ್ಲ.

ಇಷ್ಟೇ ಫಾರಿನ್. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧನ ಕರುಣೆ ನಿನ್ನ ಮೇಲಿರಲಿ, ಬಾಬಾಸಾಹೇಬರ ಛಲವೂ ಇರಲಿ.

ನಿನ್ನ ಅಪ್ಪ
ವೀರೇಶ

ಮರೆತ ಮಾತು: ಮರೆತದ್ದಲ್ಲ, ಮೇಲೆ ಹೇಳಲು ಬಾಯಿ ಬರಲಿಲ್ಲ. ಊಟದ ನಡುವೆ ಸಿದ್ದಲಿಂಗೇಶ ಮಕ್ಕಳೆಷ್ಟು ಎಂದು ಕೇಳಿ ನಿನ್ನ ವಿಷಯ ತೆಗೆದ. ಅವನ ತಮ್ಮನ ಮಗ ಇಂಜಿನಿಯರಂತೆ, ನಿನಗೆ ಒಳ್ಳೆಯ ಜೋಡಿಯಂತೆ. ಬಸವಲಿಂಗ, ಫೋಟೋ ಕಳಿಸುತ್ತೇವೆ ಎಂದು ಮಾತು ಕೊಟ್ಟ. ನನ್ನನ್ನು ಯಾರ ಮಗನೆಂದರೂ ನುಂಗಿಕೊಂಡಿದ್ದೆ. ನಿನ್ನನ್ನು ಯಾರದೋ ಮೊಮ್ಮಗಳನ್ನಾಗಿ ಮಾಡಿದ್ದನ್ನು ತಾಳಲಾಗಲಿಲ್ಲ.

"ನಾ ಇವರ ಮಾವನ ಮಗ ಅಲ್ರಿ," ಎಂದೆ. "ಮುಕ್ಕುಂದದ ಯಮನಮ್ಮನ ಮಗ. ನಾವು ದಲಿತರು."

ಸಿದ್ದಲಿಂಗೇಶ ಕಡ್ಡಿ ಕೆಳಗಿಟ್ಟ. ಬೇರೆ ಪಾತ್ರೆ ತರಲು ಬಡಿಸುವ ಹುಡುಗಿಗೆ ಹೇಳಿ ಎಂದು ನನ್ನನ್ನೇ ಕೇಳಿದ. ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಕರೆದು ಹೇಳಿದೆ. ಎಷ್ಟು ಜನಕ್ಕೆ ಎಂದು ಅವಳು ಕೇಳಿದಳು. ನಾನು ಬಸವಲಿಂಗನ ಕಡೆ ನೋಡಿದೆ.

ಅವನು ತಲೆ ಎತ್ತಲಿಲ್ಲ.

"ಇಬ್ಬರಿಗೆ ಅಂತ ಹೇಳೋ," ಎಂದ.

ಹೇಳಿದೆ, ಮಗಳೇ.