ಕಲಂದರನ ಪಾತ್ರ

ಪುತ್ತೂರು
೧೮-೧೧-೧೯೬೪

ಪ್ರೀತಿಯ ಕಲಂದರ್,

ಕಡಬದಲ್ಲಿ ನೀನೂ ನಿನ್ನ ಅಂಗಡಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಆಟದ ಈ ಕಥೆಯನ್ನು ಮೊದಲು ಹೇಳಿದವನು ತ್ಯಾಂಪಣ್ಣ, ಮೊನ್ನೆ ಭಾನುವಾರ ಸಂಜೆ, ಕ್ಲಬ್ಬಿನ ಜಗಲಿಯಲ್ಲಿ. ಹೆಸರು ಕೇಳಿ ಮುಖ ಸಿಂಡರಿಸಬೇಡ, ಪೂರ್ತಿ ಓದು.

ಹೊಸ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಮೊದಲ ಚೆಂಡು ಹಾಕಬೇಕಾದವನು ಹಳಬರಲ್ಲಿ ಅತಿ ದೊಡ್ಡ ದಾಳಿಗಾರ ಎಂದು ನಿಶ್ಚಯವಾಗಿತ್ತಲ್ಲ. ಬುಟ್ಟಿ ತುಂಬಿಸಿದವನು ತ್ಯಾಂಪಣ್ಣನೇ ಎಂದು ಎಲ್ಲರೂ ಹೇಳಿದ್ದಕ್ಕೆ, ನೀನು ಬರುವುದಿಲ್ಲವೆಂದು ಹೇಳಿಕಳಿಸಿದೆ. ಆದರೆ ಈಗಿನ ಆಟಗಾರರಿಗೆ ಕುತೂಹಲ. ತಾವು ಕಾಣದ ಹಳೆಯ ಮಣ್ಣಂಕಣದ ಆಟವನ್ನು ಅಳೆಯುವುದು ಹೇಗೆ?

"ತಾಳಮದ್ದಳೆ ಮಾಡುವ ಮಾರಾಯ್ರೆ," ಎಂದ ಅವರಲ್ಲೊಬ್ಬನಾದ ಯಜ್ಞೇಶ್ವರ. ವೇಷವಿಲ್ಲ, ಬರೀ ವಾದ. ಕರ್ಣಾರ್ಜುನರ ಬದಲು ಕಲಂದರ್ ಮತ್ತು ತ್ಯಾಂಪಣ್ಣ! ಪಾತ್ರಕ್ಕೆ ಚೀಟಿ ಎತ್ತಿದೆವು. ತ್ಯಾಂಪಣ್ಣ ತೋರಿಸಿದ ಚೀಟಿಯಲ್ಲಿ ನಿನ್ನ ಹೆಸರು.

ಯಜ್ಞೇಶ್ವರ ತ್ಯಾಂಪಣ್ಣನಾಗಿ ಗುಡುಗಿದ: "ಎಲವೋ ಕಲಂದರ್, ಸುಳ್ಯದವರ ಮೇಲೆ ಗೆಲುವಿನ ಚೆಂಡು ಹಾಕಿದ್ದು ನಾನು. ನೀನು ಆಗ ಎಂತ ಮಾಡುದು, ಬುಟ್ಟಿಯ ಕಂಬಕ್ಕೆ ಒರಗಿ ಬೀಡಿ ಎಳೆಯುದಾ?"

ಎಲ್ಲರೂ ನಕ್ಕರು. ನಿನ್ನ ಪಾತ್ರ ಹಿಡಿದ ತ್ಯಾಂಪಣ್ಣ ನಗದೆ, ನೀನಾಗಿಯೇ ಉತ್ತರಿಸಿದ:

"ಕಂಬದ ಅಡಿಗೆ ಓಡಿದ್ದು ಹೌದು. ಸುಳ್ಯದ ಮೂವರು ನನ್ನ ಬೆನ್ನಿಗೇ ಬಿದ್ರು. ನಿನ್ನ ಎದುರು ಒಂದು ಕೋಳಿ ಸಹ ಇರ್ಲಿಲ್ಲ. ಅಂಥ ಚೆಂಡು ನನ್ನ ಅಜ್ಜಿಯೂ ಹಾಕ್ತಿದ್ರು! ನನಗೆ ಜ್ವರ ಬಂದಾಗ ನೀವು ಮಡಿಕೇರಿಯಲ್ಲಿ ಆಡಿದ್ರಲ್ಲ, ಅಲ್ಲಿ ನೀನು ಎಷ್ಟು ಹಾಕಿದೆ? ಹೇಳು ನೋಡುವ."

ಅದರ ಉತ್ತರವನ್ನೂ ತ್ಯಾಂಪಣ್ಣನೇ, ಪಾತ್ರ ಬಿಟ್ಟು, ಮೆಲ್ಲಗೆ ಹೇಳಿದ: "ಒಂದೂ ಇಲ್ಲ."

ಮೊದಲ ಚೆಂಡು ನಿನ್ನದೆಂದು ಜಗಲಿಯಲ್ಲೇ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಆ ವಾದವನ್ನು ಕೇಳಿದ ಹುಡುಗರೆಲ್ಲ ಅಂಕಣಕ್ಕಿಳಿದು ಪರೀಕ್ಷೆ ಮಾಡಿದರು. ಒಬ್ಬ ಚೆಂಡಿಲ್ಲದೆ ಕಂಬದಡಿಗೆ ಓಡುವುದು. ಎದುರಾಳಿಗಳು ಅವನ ಹಿಂದೆ ಹೋಗುತ್ತಾರೋ ಎಂದು ಉಳಿದವರು ನೋಡುವುದು. ಓಡುವವನಿಗೆ ಅವರಿಟ್ಟ ಹೆಸರು 'ಕಲಂದರ್'. ನಾನು ಕಲಂದರ್, ನಾನು ಕಲಂದರ್ ಎಂದು ಜಗಳವೇ ಆಯಿತು. ಚೆಂಡು ಹಾಕಲು ಜನವೇ ಇಲ್ಲ!

ಇತಿ ನಿನ್ನ ಗೆಳೆಯ,
ಮಹೇಶ್ವರ

ತಾ.ಕ.: ನಿನ್ನನ್ನು ಕರೆದೊಯ್ಯಲು ಶನಿವಾರದ ಬಸ್ಸಿಗೆ ತ್ಯಾಂಪಣ್ಣನೇ ಬರುತ್ತಾನೆ. ಭಾನುವಾರ ಜಗಲಿಯಲ್ಲಿ ಅವನು ಎತ್ತಿದ್ದು ತನ್ನದೇ ಹೆಸರಿನ ಚೀಟಿ. ಯಜ್ಞೇಶ್ವರನ ಕೈಯಿಂದ ನಿನ್ನದನ್ನು ಬದಲಿಸಿಕೊಂಡದ್ದನ್ನು ನಾನು ಕಂಡೆ. ಕಂಡೆನೆಂದು ಅವನಿಗೆ ಹೇಳಬೇಡ.